ಮೊದಲ ಅಧ್ಯಾಯ ಆಟವೋ, ಪಾಠವೋ?

ವಿಡಿಯೊ ಗೇಮ್‌ಗಳಲ್ಲಿ ಮೊದಲ ಒಂದೆರಡು ಅಧ್ಯಾಯಗಳನ್ನು ಆಟ ಕಲಿಸುವ ತರಗತಿ, ಅಂದರೆ ಟ್ಯುಟೋರಿಯಲ್, ಮಾಡಿಬಿಡುತ್ತಾರೆ, ಅಲ್ವಾ? ಅದರ ಬಗ್ಗೆ ಪ್ರಶ್ನೆ ಕಳಿಸಿ ಅಂದಿದ್ದೆ. ಓದುಗರ ಹೊಟ್ಟೆಯಲ್ಲಿ ಇಷ್ಟೊಂದು ಸಿಟ್ಟು ಇದೆ ಅಂತ ಗೊತ್ತಿರಲಿಲ್ಲ. ಆರು ಪತ್ರ ಆರಿಸಿದ್ದೇನೆ. ಯಾರ ಹೆಸರನ್ನೂ ಹಾಕಿಲ್ಲ, ಯಾಕೆಂದರೆ ಅವರಲ್ಲಿ ಒಬ್ಬರು ಗೇಮಿನ ಮೊದಲ ಬಾಸ್, ಅಂದರೆ ದೊಡ್ಡ ಶತ್ರುವಿನ ಕೈಯಲ್ಲಿ ಇಪ್ಪತ್ತು ಸಲ ಸತ್ತಿದ್ದಾರೆ.

ಪ್ರಶ್ನೆ: ಮೇಷ್ಟ್ರೇ, ಒಂದು ದೊಡ್ಡ ಗೇಮ್ ಕೊಂಡೆ. ಎರಡೂವರೆ ಗಂಟೆ ಆಡಿದೆ. ಇನ್ನೂ 'ಈ ಬಟನ್ ಒತ್ತಿ', 'ಅವನ ಹಿಂದೆ ಹೋಗಿ', 'ಈಗ ಕುದುರೆ ಹತ್ತಿ' ಅಂತಲೇ ಹೇಳುತ್ತಿದೆ. ಬಿಟ್ಟುಬಿಡಲೋ, ಮುಂದುವರಿಸಲೋ? ಹತ್ತು ಗಂಟೆ ಆದಮೇಲೆ ಸೂಪರ್ ಆಗುತ್ತೆ ಅಂತಾನೆ ನನ್ನ ಗೆಳೆಯ.

ಉತ್ತರ: ಅಂಥ ಗೆಳೆಯ ಎಲ್ಲರಿಗೂ ಒಬ್ಬ ಇರುತ್ತಾನೆ. ಹತ್ತು ಗಂಟೆ ತಾಳಿಕೊಂಡವನಿಗೆ ಹನ್ನೊಂದನೇ ಗಂಟೆಯಲ್ಲಿ ಏನು ಕೊಟ್ಟರೂ ಸೂಪರ್ರೇ. ಅವನ ಮಾತನ್ನು ಅರ್ಧ ಮಾತ್ರ ನಂಬಿ.

ಮೊದಲು ಗೇಮ್ ಮಾಡುವವರ ಕಷ್ಟ ಹೇಳಿಬಿಡುತ್ತೇನೆ, ಬೈಯುವುದು ಆಮೇಲೆ. ದೊಡ್ಡ ಗೇಮ್‌ಗಳಲ್ಲಿ ಈಗ ಓಡುವುದು, ಹತ್ತುವುದು, ಅವಿತುಕೊಳ್ಳುವುದು, ಗುಂಡು ಹೊಡೆಯುವುದು, ಸವಾರಿ, ಬೇಟೆ, ಅಡುಗೆ ಎಲ್ಲವೂ ಇರುತ್ತದೆ. ಕೈಯಲ್ಲಿರುವ ಕಂಟ್ರೋಲರ್ ಮಾತ್ರ ಒಂದೇ. ಹಾಗಾಗಿ ಒಂದೇ ಬಟನ್ ನೆಲದ ಮೇಲೆ ಒಂದು ಕೆಲಸ ಮಾಡುತ್ತದೆ, ಕುದುರೆ ಮೇಲೆ ಇನ್ನೊಂದು, ಒತ್ತಿ ಹಿಡಿದರೆ ಮತ್ತೊಂದು. ಹಿಂದೆ ಇದನ್ನೆಲ್ಲ ಡಬ್ಬಿಯೊಳಗಿನ ಪುಟ್ಟ ಪುಸ್ತಕದಲ್ಲಿ ಬರೆದು ಕೈ ತೊಳೆದುಕೊಳ್ಳುತ್ತಿದ್ದರು. ಈಗ ಡೌನ್‌ಲೋಡ್ ಮಾಡಿ ಆಡುತ್ತೇವೆ, ಡಬ್ಬಿಯೂ ಇಲ್ಲ ಪುಸ್ತಕವೂ ಇಲ್ಲ. ಆ ಪುಸ್ತಕದ ಕೆಲಸವೆಲ್ಲ ಮೊದಲ ಅಧ್ಯಾಯದ ತಲೆ ಮೇಲೆ ಬಿತ್ತು.

ಕಲಿಸುವುದು ತಪ್ಪಲ್ಲ. ಕಲಿಸುವಷ್ಟು ಹೊತ್ತೂ ಆಡುವವನ ಕೈ ಕಟ್ಟಿ ಕೂರಿಸುತ್ತಾರಲ್ಲ, ಅದು ತಪ್ಪು. 2009ರಲ್ಲಿ ಬಂದ ಫೈನಲ್ ಫ್ಯಾಂಟಸಿ 13 ನೋಡಿ. ಒಟ್ಟು 13 ಅಧ್ಯಾಯ. ದೊಡ್ಡ ಬಯಲಿಗೆ ಬಿಟ್ಟು 'ಎಲ್ಲಿಗೆ ಬೇಕಾದರೂ ಹೋಗು' ಅನ್ನುವುದು 11ನೆಯದರಲ್ಲಿ! ಅಲ್ಲಿಯವರೆಗೆ ಹೆಚ್ಚುಕಡಿಮೆ ಒಂದೇ ಓಣಿ: ಮುಂದೆ ಹೋಗು, ಹೊಡೆದಾಡು, ಮಾತು ಕೇಳು, ಮತ್ತೆ ಮುಂದೆ ಹೋಗು. 2012ರ ಅಸ್ಯಾಸಿನ್ಸ್ ಕ್ರೀಡ್ 3ರಲ್ಲಿ ಡಬ್ಬಿಯ ಮೇಲಿನ ನಾಯಕ ನಿಮ್ಮ ಕೈಗೆ ಸಿಗುವ ಮೊದಲು ಮೂರು ಭಾಗ ಬೇರೊಬ್ಬನಾಗಿ ಆಡಬೇಕು. ಅದರ ಕೊನೆಗೆ ಒಂದು ಒಳ್ಳೆಯ ತಿರುವು ಇದೆ, ಇಲ್ಲ ಅನ್ನುವುದಿಲ್ಲ. ಆದರೆ ಆ ತಿರುವಿನ ಹೆಸರು ಹೇಳಿಕೊಂಡು ಗಂಟೆಗಟ್ಟಲೆ ಅಲ್ಲಿ ನಡೆ, ಇಲ್ಲಿ ನಿಲ್ಲು ಅಂತ ಓಡಾಡಿಸುವುದು ಸ್ವಲ್ಪ ಜಾಸ್ತಿಯೇ ಆಯಿತು.

ನಿಮ್ಮ ಪತ್ರದಲ್ಲಿ ಕುದುರೆ ಬಂದಿದ್ದಕ್ಕೆ ನಿಮ್ಮದು 2018ರ ರೆಡ್ ಡೆಡ್ ರಿಡೆಂಪ್ಷನ್ 2 ಇರಬಹುದು ಅಂತ ನನ್ನ ಊಹೆ. ಅದರ ಮೊದಲ ಅಧ್ಯಾಯ ಪೂರ್ತಿ ಹಿಮ. ಮೊಣಕಾಲು ಹೂತುಹೋಗುವ ಹಿಮದಲ್ಲಿ ಕಾಲೆಳೆದುಕೊಂಡು ನಡೆಯಬೇಕು. ಅದನ್ನು ಬೈಯುವವರು ಬಹಳ, ನಾನು ಅರ್ಧ ಮಾತ್ರ ಬೈಯುತ್ತೇನೆ. ಪೊಲೀಸರಿಂದ ತಪ್ಪಿಸಿಕೊಂಡು, ಹೊಟ್ಟೆಗಿಲ್ಲದೆ, ಚಳಿಗೆ ನಡುಗುತ್ತಿರುವ ಒಂದು ಗುಂಪಿನ ಸುಸ್ತು ನಿಮ್ಮ ಹೆಬ್ಬೆರಳಿಗೂ ತಟ್ಟುತ್ತದೆ. ಮೊದಲ ಸಲ ಅದು ಚೆನ್ನಾಗಿದೆ. ಎರಡನೇ ಸಲ ಆಡಲು ಕೂತಾಗ ಮಾತ್ರ ಅದೇ ಹಿಮ ಕಾಲಿಗೆ ಕಟ್ಟಿದ ಕಲ್ಲು.

ಮೊದಲ ಅಧ್ಯಾಯ ಚೆನ್ನಾಗಿದೆಯೋ ಇಲ್ಲವೋ ಅಂತ ನಾನು ನೋಡುವುದು ಹೀಗೆ: ಎಲ್ಲ ಬಟನ್ ಗೊತ್ತಿರುವವನು ಎರಡನೇ ಸಲ ಆಡಿದಾಗ ಅದು ಏನಾಗಿ ಉಳಿಯುತ್ತದೆ? 2013ರ ದಿ ಲಾಸ್ಟ್ ಆಫ್ ಅಸ್ ಶುರುವಾಗುವಾಗ ನೀವು ನಾಯಕ ಅಲ್ಲ, ಅವನ ಮಗಳು. ರಾತ್ರಿ ಹೊತ್ತು, ಮನೆಯಲ್ಲಿ ಅಪ್ಪ ಕಾಣುತ್ತಿಲ್ಲ. ಕೋಣೆಯಿಂದ ಕೋಣೆಗೆ ಹೋಗುತ್ತೀರಿ, ಬಾಗಿಲು ತಳ್ಳುತ್ತೀರಿ, ಸಿಕ್ಕಿದ ವಸ್ತು ಎತ್ತಿ ನೋಡುತ್ತೀರಿ. ಅಷ್ಟೇ. ನಡೆಯುವುದು, ತಿರುಗಿ ನೋಡುವುದು, ವಸ್ತು ಎತ್ತುವುದು ಮೂರೂ ಬಂತು, ನಿಮಗೆ ಮಾತ್ರ ಪಾಠ ಕೇಳಿದ ನೆನಪೇ ಇರುವುದಿಲ್ಲ. ಎರಡನೇ ಸಲ ಆಡುವಾಗ ಮುಂದೇನಾಗುತ್ತದೆ ಅಂತ ಗೊತ್ತಿರುತ್ತದಲ್ಲ, ಆಗ ಅದೇ ಮನೆಯಲ್ಲಿ ಇನ್ನೂ ನಿಧಾನವಾಗಿ ಓಡಾಡಬೇಕು ಅನ್ನಿಸುತ್ತದೆ.

ಇನ್ನು ನಿಮ್ಮ ವಿಷಯ. ಸ್ಟೀಮ್ ಅನ್ನುವ ಆನ್‌ಲೈನ್ ಗೇಮ್ ಅಂಗಡಿಯಲ್ಲಿ ಕೊಂಡಿದ್ದರೆ 14 ದಿನದೊಳಗೆ, 2 ಗಂಟೆಗಿಂತ ಕಡಿಮೆ ಆಡಿದ್ದರೆ ದುಡ್ಡು ವಾಪಸ್ ಕೇಳಬಹುದು. 2015ರಿಂದ ಈ ನಿಯಮ ಇದೆ. ನೀವು ಎರಡೂವರೆ ಗಂಟೆ ಪಾಠವನ್ನೇ ಕೇಳಿದ್ದೀರಿ! ರುಚಿ ನೋಡಲು ಕೊಟ್ಟ ಹೊತ್ತು ತಟ್ಟೆ ತೊಳೆಯುವುದರಲ್ಲೇ ಮುಗಿದ ಹಾಗಾಯಿತು. ಈಗ ಇನ್ನೊಂದು ಸಂಜೆ ಕೊಡಿ. ಆ ಸಂಜೆಯಲ್ಲಿ ಒಮ್ಮೆಯೂ 'ಎಡಕ್ಕೆ ಹೋಗಲಾ ಬಲಕ್ಕೆ ಹೋಗಲಾ' ಅಂತ ನೀವೇ ಯೋಚಿಸುವ ಸಂದರ್ಭ ಬರದಿದ್ದರೆ ಬಿಟ್ಟುಬಿಡಿ, ಗೆಳೆಯ ಏನಾದರೂ ಅಂದುಕೊಳ್ಳಲಿ.

ಪ್ರಶ್ನೆ: ನಮ್ಮ ಕಾಲದ ಗೇಮ್‌ಗಳಲ್ಲಿ ಟ್ಯುಟೋರಿಯಲ್ ಅನ್ನುವ ಮಾತೇ ಇರಲಿಲ್ಲ. ಸತ್ತು ಸತ್ತು ಕಲಿತೆವು. ಈಗಿನವು ತುತ್ತು ಮಾಡಿ ಬಾಯಿಗಿಡುತ್ತವೆ. ನೀವೂ ಅದನ್ನೇ ಸಮರ್ಥಿಸುತ್ತೀರಿ. ನಿಮಗೆ ಏನಾಗಿದೆ?

ಉತ್ತರ: ನನಗೇನೂ ಆಗಿಲ್ಲ, ಹುಷಾರಾಗಿದ್ದೇನೆ. ನಿಮ್ಮ ಕಾಲದ ಗೇಮ್‌ಗಳೂ ನಿಮಗೆ ಕಲಿಸಿದವು ಸ್ವಾಮಿ, ನಿಮಗೆ ಗೊತ್ತಾಗದ ಹಾಗೆ ಕಲಿಸಿದವು.

1985ರ ಸೂಪರ್ ಮಾರಿಯೊ ಬ್ರದರ್ಸ್‌ನ ಮೊದಲ ಲೆವೆಲ್ ನೆನಪು ಮಾಡಿಕೊಳ್ಳಿ. ಮಾರಿಯೊ ಸ್ಕ್ರೀನಿನ ಎಡಗಡೆ ನಿಂತಿರುತ್ತಾನೆ. ಬಲಗಡೆ ಎಲ್ಲ ಖಾಲಿ. ಯಾವ ಕಡೆ ಹೋಗಬೇಕು ಅಂತ ಯಾರೂ ಹೇಳಬೇಕಿಲ್ಲ. ನಾಲ್ಕು ಹೆಜ್ಜೆ ಇಟ್ಟರೆ ಗುಂಬಾ ಅನ್ನುವ ಕಂದು ಬಣ್ಣದ ಒಂದು ಪುಟ್ಟ ಶತ್ರು ಎದುರಿಗೆ ಬರುತ್ತದೆ. ಸುಮ್ನೆ ನಿಂತರೆ ಡಿಕ್ಕಿ ಹೊಡೆದು ಸಾಯುತ್ತೀರಿ. ಪರವಾಗಿಲ್ಲ, ಆಟ ಶುರುವಾಗಿ ಐದು ಸೆಕೆಂಡೂ ಆಗಿಲ್ಲ, ಕಳೆದುಕೊಂಡದ್ದು ಏನೂ ಇಲ್ಲ. ಎರಡನೇ ಸಲ ಹಾರುತ್ತೀರಿ. ಹಾರಿದರೆ ಒಂದೋ ಅದನ್ನು ದಾಟುತ್ತೀರಿ, ಇಲ್ಲವೇ ಅದರ ತಲೆ ಮೇಲೆ ಬೀಳುತ್ತೀರಿ, ಅದು ಚಪ್ಪಟೆ.

ಮುಂದಿನದು ನನಗೆ ತುಂಬಾ ಇಷ್ಟ. ಪ್ರಶ್ನೆ ಗುರುತಿನ ಪೆಟ್ಟಿಗೆಗೆ ತಲೆ ಗುದ್ದಿದರೆ ಅಣಬೆ ಬರುತ್ತದೆ. ಈಗಷ್ಟೇ ಅಣಬೆ ಆಕಾರದ ಗುಂಬಾ ನೋಡಿದವನು ಇದಕ್ಕೂ ಹೆದರುತ್ತಾನೆ, ಅಲ್ವಾ? ಅಣಬೆ ಬಲಕ್ಕೆ ಉರುಳಿ, ಕೆಳಗೆ ಬಿದ್ದು, ಅಲ್ಲಿರುವ ಪೈಪಿಗೆ ಬಡಿದು ನೇರ ನಿಮ್ಮ ಕಡೆಗೇ ವಾಪಸ್ ಬರುತ್ತದೆ. ತಪ್ಪಿಸಿಕೊಳ್ಳೋಣ ಅಂತ ಹಾರಿದರೆ ಮೇಲಿನ ಇಟ್ಟಿಗೆಗೆ ತಲೆ ತಗಲಿ ಅಣಬೆ ಮೇಲೇ ಬೀಳುವ ಸಾಧ್ಯತೆ ಜಾಸ್ತಿ. ಬಿದ್ದರೆ ಸಾಯುವುದಿಲ್ಲ, ಮಾರಿಯೊ ದೊಡ್ಡವನಾಗುತ್ತಾನೆ. ಒಂದಕ್ಷರ ಬರೆಯದೆ 'ಇದು ಒಳ್ಳೆಯದು' ಅಂತ ಹೇಳಿದ್ದು ಆ ಪೈಪು, ಆ ಇಟ್ಟಿಗೆ.

ಆಮೇಲೆ ಪೈಪುಗಳು. ಮೊದಲನೆಯದು ಗಿಡ್ಡ, ಎರಡನೆಯದು ಸ್ವಲ್ಪ ಎತ್ತರ, ಮೂರನೆಯದು ಇನ್ನೂ ಎತ್ತರ. ಬಟನ್ ಜಾಸ್ತಿ ಹೊತ್ತು ಒತ್ತಿ ಹಿಡಿದರೆ ಜಾಸ್ತಿ ಎತ್ತರ ಹಾರಬಹುದು ಅಂತ ಬೆರಳೇ ಕಲಿಯುತ್ತದೆ. ಲೆವೆಲ್ ಕೊನೆಯ ಕಡೆಗೆ ಎದುರುಬದುರು ಮೆಟ್ಟಿಲಿನ ಎರಡು ಜೋಡಿ ಬರುತ್ತವೆ. ಮೊದಲ ಜೋಡಿಯ ನಡುವೆ ಗಟ್ಟಿ ನೆಲ, ಬಿದ್ದರೂ ಎದ್ದು ಬರಬಹುದು. ಎರಡನೆಯದರ ನಡುವೆ ಗುಂಡಿ, ಬಿದ್ದರೆ ಸತ್ತಿರಿ. ಅದೇ ಹಾರಾಟವನ್ನು ಒಮ್ಮೆ ಬಿಟ್ಟಿಯಾಗಿ ಆಡಿಸಿ, ಆಮೇಲೆ ಪ್ರಾಣ ಪಣಕ್ಕಿಡಿಸುತ್ತಾರೆ.

ಇನ್ನೂ ಹಳೆಯದು ಬೇಕೇ? 1972ರ ಪಾಂಗ್ ಯಂತ್ರದ ಮೇಲಿದ್ದ ಮುಖ್ಯ ಸೂಚನೆ ಒಂದೇ ಸಾಲು: ಜಾಸ್ತಿ ಅಂಕ ಬೇಕಾದರೆ ಚೆಂಡು ಬಿಡಬೇಡಿ. ಸಾಕಲ್ಲ!

ಹಾಗಂತ ಹಳೆಯದೆಲ್ಲ ಚಿನ್ನ ಅನ್ನಬೇಡಿ. 1999ರ ಡ್ರೈವರ್ ಗೇಮ್ ಶುರುವಾಗುವುದು ಒಂದು ಪಾರ್ಕಿಂಗ್ ಗ್ಯಾರೇಜಿನಲ್ಲಿ. ಹ್ಯಾಂಡ್‌ಬ್ರೇಕ್ ಹಾಕಿ ತಿರುಗಿಸು, ಕಂಬಗಳ ನಡುವೆ ಹಾವಿನಂತೆ ಓಡಿಸು, ರಿವರ್ಸ್‌ನಲ್ಲಿ ಹೋಗಿ ಕಾರನ್ನು ಅರ್ಧ ಸುತ್ತು ತಿರುಗಿಸು, ಹೀಗೆ ಒಂದು ಪಟ್ಟಿ. ಎಲ್ಲ 60 ಸೆಕೆಂಡಿನಲ್ಲಿ ಮುಗಿಯಬೇಕು. ಪಾಠವನ್ನೇ ಪರೀಕ್ಷೆ ಮಾಡಿ ಬಾಗಿಲಲ್ಲಿ ನಿಲ್ಲಿಸಿದ್ದರು. ಅದನ್ನು ದಾಟಲಾಗದೆ ಕಥೆಯ ಮುಖವನ್ನೇ ನೋಡದವರು ಎಷ್ಟೋ ಜನ.

ಹೊಸದೆಲ್ಲ ತುತ್ತು ಅನ್ನುವುದನ್ನೂ ನಾನು ಒಪ್ಪುವುದಿಲ್ಲ. 2017ರ ಜೆಲ್ಡಾ, ಬ್ರೆತ್ ಆಫ್ ದಿ ವೈಲ್ಡ್, ನಿಮ್ಮನ್ನು ಒಂದು ಎತ್ತರದ ಪ್ರಸ್ಥಭೂಮಿಯ ಮೇಲೆ ಬಿಡುತ್ತದೆ. ಸುತ್ತ ಕಡಿದಾದ ಬಂಡೆ. ಇಳಿಯಲು ಗ್ಲೈಡರ್ ಬೇಕು, ಅದಕ್ಕೆ ನಾಲ್ಕು ಗುಡಿ ಮುಗಿಸಬೇಕು. ನಿಜ ಹೇಳಬೇಕೆಂದರೆ ಅದೊಂದು ಗೋಡೆ ಕಟ್ಟಿದ ತರಗತಿ. ಆದರೆ ಗುಡಿಗಳನ್ನು ನಿಮಗೆ ಬೇಕಾದ ಕ್ರಮದಲ್ಲಿ ಮುಗಿಸಬಹುದು. ಒಂದು ಕಡೆ ಹಿಮ ಇದೆ, ಹೋದರೆ ಚಳಿಗೇ ಪ್ರಾಣ ಇಳಿಯುತ್ತದೆ. ಖಾರದ ಮೆಣಸಿನಕಾಯಿ ಹಾಕಿ ಬೇಯಿಸಿದ್ದನ್ನು ತಿಂದು ಹೋಗಬಹುದು, ಉರಿಯುವ ಪಂಜು ಹಿಡಿದು ಹೋಗಬಹುದು, ಬೆಚ್ಚಗಿನ ಅಂಗಿ ಸಂಪಾದಿಸಿ ಹೋಗಬಹುದು. ಇದರಲ್ಲಿ ಇದೇ ಸರಿ ಅಂತ ಯಾರೂ ಹೇಳುವುದಿಲ್ಲ. ಸತ್ತು ಸತ್ತು ಕಲಿಯುವ ನಿಮ್ಮ ಸುಖಕ್ಕೂ ಅಲ್ಲಿ ಬೇಕಾದಷ್ಟು ಅವಕಾಶ ಇದೆ.

ಪ್ರಶ್ನೆ: ಮಗ ಬಲವಂತವಾಗಿ ಕಂಟ್ರೋಲರ್ ಕೈಗೆ ಕೊಟ್ಟ. ಇದು ಬರೀ ಟ್ಯುಟೋರಿಯಲ್ ಅಮ್ಮಾ, ತುಂಬಾ ಸುಲಭ ಅಂದ. ಹತ್ತು ನಿಮಿಷ ಗೋಡೆ ನೋಡಿಕೊಂಡು ನಿಂತಿದ್ದೆ, ಇಲ್ಲವೇ ಆಕಾಶ ನೋಡುತ್ತಿದ್ದೆ. ಅವನು ನಕ್ಕ. ನನ್ನ ವಯಸ್ಸಿಗೆ ಇದು ಬರುವುದಿಲ್ಲವೇ?

ಉತ್ತರ: ಬರುತ್ತದೆ ಮೇಡಂ. ನಿಮ್ಮ ಮಗನಿಗೆ ಮರೆತುಹೋಗಿದೆ, ಅವನೂ ಮೊದಲು ಆಕಾಶ ನೋಡಿದವನೇ.

ಕಂಟ್ರೋಲರ್‌ನಲ್ಲಿ ಎರಡು ಸ್ಟಿಕ್ ಇದೆಯಲ್ಲ, ಎಡ ಹೆಬ್ಬೆರಳಿನದು ಕಾಲು, ಬಲ ಹೆಬ್ಬೆರಳಿನದು ಕತ್ತು. ನಾವು ನಡೆಯುವಾಗ ಕತ್ತು ತಾನೇ ತಿರುಗುತ್ತದೆ, ಇಲ್ಲಿ ಎರಡನ್ನೂ ಬೇರೆ ಬೇರೆ ಬೆರಳಿನಿಂದ ಆಡಿಸಬೇಕು. ಎಷ್ಟೋ ಗೇಮ್‌ಗಳ ಮೊದಲ ಅಧ್ಯಾಯ ಕತ್ತಿ ಬೀಸುವುದನ್ನು ಕಲಿಸುತ್ತದೆ, ಗುರಾಣಿ ಹಿಡಿಯುವುದನ್ನು ಕಲಿಸುತ್ತದೆ, ಈ ಕಾಲು-ಕತ್ತಿನ ಲೆಕ್ಕ ಮಾತ್ರ ಹುಟ್ಟಿನಿಂದಲೇ ಬಂದಿದೆ ಅಂದುಕೊಂಡಿರುತ್ತದೆ. ತಪ್ಪು ಅದರದು, ನಿಮ್ಮದಲ್ಲ.

ಕತ್ತಿನ ಕಾಟವೇ ಇಲ್ಲದ ಒಂದರಿಂದ ಶುರು ಮಾಡಿ. 2009ರ ಪ್ಲಾಂಟ್ಸ್ ವರ್ಸಸ್ ಜೋಂಬೀಸ್. ಮೊದಲ ಲೆವೆಲ್‌ನಲ್ಲಿ ಅಂಗಳ ಪೂರ್ತಿ ಬರೀ ಮಣ್ಣು, ನಡುವೆ ಹುಲ್ಲಿನ ಒಂದೇ ಸಾಲು. ನೆಡಲು ಇರುವುದು ಒಂದೇ ಜಾತಿ ಗಿಡ. ತಪ್ಪು ಮಾಡೋಣ ಅಂದರೂ ಜಾಗ ಇಲ್ಲ. ಮುಂದಿನ ಲೆವೆಲ್‌ಗೆ ಮೂರು ಸಾಲು, ಜೊತೆಗೆ ಸೂರ್ಯಕಾಂತಿ. ಆಮೇಲೆ ಐದು ಸಾಲು. ಅದನ್ನು ಮಾಡಿದ ಜಾರ್ಜ್ ಫ್ಯಾನ್ 2012ರಲ್ಲಿ ಗೇಮ್ ತಯಾರಕರ ಸಮ್ಮೇಳನದಲ್ಲಿ ಒಂದು ಭಾಷಣ ಮಾಡಿದ್ದರು. ವಿಷಯ ಏನು ಗೊತ್ತೇ? ತಮ್ಮ ಅಮ್ಮ ಈ ಗೇಮನ್ನು ಪೂರ್ತಿ ಆಡುವ ಹಾಗೆ ಹೇಗೆ ಮಾಡಿದೆ ಅನ್ನುವುದು! ಸ್ಕ್ರೀನ್ ಮೇಲೆ ಒಂದು ಸಲಕ್ಕೆ ಎಂಟು ಪದಕ್ಕಿಂತ ಜಾಸ್ತಿ ಇರಬಾರದು ಅಂತಲೂ ಅದರಲ್ಲಿ ಹೇಳಿದ್ದರು. ಇದನ್ನು ನಿಮ್ಮ ಮಗನಿಗೆ ಓದಿ ಹೇಳಿ.

ಅದಾದ ಮೇಲೆ 2007ರ ಪೋರ್ಟಲ್ ಆಡಿ. ಅದರಲ್ಲಿ ಕಾಲು-ಕತ್ತು ಎರಡೂ ಬೇಕು, ಆದರೆ ಮೊದಲ ಕೋಣೆಗಳಲ್ಲಿ ಯಾರೂ ಅಟ್ಟಿಸಿಕೊಂಡು ಬರುವುದಿಲ್ಲ. ಅರ್ಧ ಗಂಟೆ ಗೋಡೆ ನೋಡುತ್ತಾ ನಿಂತರೂ ಕೇಳುವವರಿಲ್ಲ. ಮಗನನ್ನು ಆ ಹೊತ್ತಿಗೆ ಹೊರಗೆ ಕಳಿಸಿ.

ಪ್ರಶ್ನೆ: ಅಣ್ಣಾ, ನಾವು ಮೂವರು ಸೇರಿ ಚಿಕ್ಕ ಗೇಮ್ ಮಾಡುತ್ತಿದ್ದೇವೆ. ಕತ್ತಲೆ ಗುಹೆ, ಒಂದು ಬಾವಲಿ ಮರಿ. ಅದು ಕೂಗಿದರೆ ಮಾತ್ರ ಒಂದು ಕ್ಷಣ ಗೋಡೆ ಕಾಣುತ್ತದೆ. ಆದರೆ ಕೂಗಿದರೆ ಗೂಬೆಗೂ ಗೊತ್ತಾಗುತ್ತದೆ. ಮೊದಲ ಅಧ್ಯಾಯದಲ್ಲಿ ಆರು ಬಾಕ್ಸ್‌ಗಳಲ್ಲಿ ಎಲ್ಲ ನೀಟಾಗಿ ಬರೆದಿದ್ದೇವೆ. ಆಡಿದವರೆಲ್ಲ ಟಕಟಕ ಒತ್ತಿ ಆರನ್ನೂ ಹಾರಿಸಿ, ಸ್ಕ್ರೀನ್ ಕಪ್ಪಗಿದೆ, ಗೇಮ್ ಕೆಟ್ಟಿದೆ ಅಂತಾರೆ!

ಉತ್ತರ: ತಮ್ಮಾ, ಗೇಮ್ ಚೆನ್ನಾಗಿದೆ. ಕೇಳಿದ ತಕ್ಷಣ ಆಡಬೇಕು ಅನ್ನಿಸಿತು. ಆರು ಬಾಕ್ಸ್ ತೆಗೆದು ಬಿಸಾಕು.

ಕಪ್ಪು ಸ್ಕ್ರೀನಿಂದಲೇ ಶುರು ಮಾಡು. ಏನೂ ಬರೆಯಬೇಡ. ನೀರು ತೊಟ್ಟಿಕ್ಕುವ ಸದ್ದು ಮಾತ್ರ ಇರಲಿ. ಆಡುವವನು ಎಷ್ಟು ಹೊತ್ತು ಸುಮ್ನೆ ಇರುತ್ತಾನೆ? ಯಾವುದೋ ಒಂದು ಬಟನ್ ಒತ್ತೇ ಒತ್ತುತ್ತಾನೆ. ಆ ಒಂದು ಕ್ಷಣಕ್ಕೆ ಮಾತ್ರ ಯಾವ ಬಟನ್ ಒತ್ತಿದರೂ ಬಾವಲಿ ಕೂಗಲಿ. ಕೀಚ್ ಅಂದಿತು, ಗುಹೆ ಮಿಂಚಿತು, ಮತ್ತೆ ಕತ್ತಲು. ಅವನು ಇನ್ನೊಮ್ಮೆ ಒತ್ತುತ್ತಾನೆ. ಮೊದಲ ಬಾಕ್ಸ್‌ನಲ್ಲಿ ನೀವು ಬರೆದಿದ್ದನ್ನೆಲ್ಲ ಅವನೇ ಕಂಡುಹಿಡಿದ, ನೀವು ಹೇಳಿದ್ದಲ್ಲ. ಆಮೇಲೆ ಕೂಗಲು ಇರುವ ನಿಜವಾದ ಬಟನ್‌ನ ಚಿತ್ರ ಮೂಲೆಯಲ್ಲಿ ಸಣ್ಣಗೆ ತೋರಿಸಿದರೆ ಸಾಕು.

ಗೂಬೆಯದು ಇನ್ನೊಂದು ಕಥೆ. ಮೊದಲ ಸಲ ಗೂಬೆ ಬಂದಾಗ ಆಡುವವನನ್ನು ಹಿಡಿಯಬಾರದು. ನಡುವೆ ಬಂಡೆಯ ಒಂದು ಸೀಳು ಇರಲಿ. ಅವನು ಕೂಗಿದ ತಕ್ಷಣ ಆ ಕಡೆ ಎರಡು ಹಳದಿ ಕಣ್ಣು ತೆರೆಯಲಿ, ಗೂಬೆ ಹಾರಿ ಬಂದು ಸೀಳಿಗೆ ಬಡಿದು ಪರಚಿ ವಾಪಸ್ ಹೋಗಲಿ. ಕೂಗಿದರೆ ಬರುತ್ತದೆ ಅಂತ ಗೊತ್ತಾಯಿತು, ಪ್ರಾಣ ಹೋಗಲಿಲ್ಲ. ಮುಂದಿನ ಕೋಣೆಯಲ್ಲಿ ಬಂಡೆ ಇರಬಾರದು. ಮೇಲೆ ಮಾರಿಯೊ ಮೆಟ್ಟಿಲಿನ ಬಗ್ಗೆ ಬರೆದೆನಲ್ಲ, ಅದೇ ಲೆಕ್ಕ.

ಈ ಕೈಚಳಕ ನೋಡಬೇಕಾದರೆ 2004ರ ಹಾಫ್-ಲೈಫ್ 2 ಆಡು. ರೈಲು ನಿಲ್ದಾಣದಲ್ಲಿ ಒಬ್ಬ ಕಾವಲಿನವನು ಕೋಲಿನಿಂದ ಒಂದು ಖಾಲಿ ಡಬ್ಬಿ ಉರುಳಿಸಿ, ಎತ್ತಿ ಕಸದ ಬುಟ್ಟಿಗೆ ಹಾಕು ಅನ್ನುತ್ತಾನೆ. ಹಾಕಿದರೆ ನಕ್ಕು ದಾರಿ ಬಿಡುತ್ತಾನೆ. ಡಬ್ಬಿಯನ್ನು ಅವನ ಮುಖಕ್ಕೇ ಎಸೆಯಬಹುದು, ಆಗ ಅಟ್ಟಿಸಿಕೊಂಡು ಬರುತ್ತಾನೆ. ಎರಡರಲ್ಲಿ ಏನು ಮಾಡಿದರೂ ವಸ್ತು ಎತ್ತುವುದು ಬಂತು, ಆ ಊರಿನ ಆಳ್ವಿಕೆ ಎಂಥದ್ದು ಅಂತಲೂ ಗೊತ್ತಾಯಿತು. ನಾನು ಎಷ್ಟು ಸಲ ಆಡಿದರೂ ಅಲ್ಲಿ ಡಬ್ಬಿ ಅವನ ಮುಖಕ್ಕೇ ಹೋಗುತ್ತದೆ, ಯಾಕೋ ಗೊತ್ತಿಲ್ಲ. ಮುಂದೆ ವಸ್ತುಗಳನ್ನು ಎಳೆದು ಎಸೆಯುವ ಗನ್ ಸಿಕ್ಕಾಗ ಡಾಗ್ ಅನ್ನುವ ದೊಡ್ಡ ಯಂತ್ರದ ಜೊತೆ ಎಸೆದು ಹಿಡಿಯುವ ಆಟ ಆಡಿಸುತ್ತಾರೆ. ಅದಾದ ಮೇಲೆ ಜೋಂಬಿಗಳ ಊರು. ಹೊಕ್ಕ ತಕ್ಷಣ ಕಣ್ಣಿಗೆ ಬೀಳುವುದು ಗರಗಸದ ಚಕ್ರ ಮತ್ತು ಎರಡು ತುಂಡಾದ ಒಂದು ಜೋಂಬಿ. ಇನ್ನೇನು ಹೇಳಬೇಕು!

ಪೋರ್ಟಲ್‌ನಲ್ಲಿ ಇನ್ನೊಂದು ಗಮನಿಸು. ಪೋರ್ಟಲ್ ಅಂದರೆ ಒಂದು ಕಡೆ ಹೊಕ್ಕರೆ ಇನ್ನೊಂದು ಕಡೆ ಹೊರಬರುವ ಕಿಂಡಿ; ಒಂದು ತುದಿ ನೀಲಿ, ಇನ್ನೊಂದು ಕಿತ್ತಳೆ. ಮೊದಲು ಅದು ತಾನೇ ತೆರೆಯುತ್ತದೆ, ನೀನು ಬರೀ ನಡೆದು ದಾಟಬೇಕು. ಆಮೇಲೆ ಗನ್ ಸಿಗುತ್ತದೆ, ಆದರೆ ನೀಲಿಯದನ್ನು ಮಾತ್ರ ಹೊಡೆಯುತ್ತದೆ. ಕಿತ್ತಳೆ ಬಣ್ಣದ್ದು ಕೈಗೆ ಬರುವುದು 11ನೇ ಕೋಣೆಯಲ್ಲಿ. ಇರುವುದೇ 19 ಕೋಣೆ, ಅಂದರೆ ಅರ್ಧ ಗೇಮ್ ಪಾಠವೇ. ಯಾರೂ ಬೇಜಾರಾಯಿತು ಅಂದಿದ್ದನ್ನು ನಾನು ಕೇಳಿಲ್ಲ, ಯಾಕೆಂದರೆ ಪ್ರತಿ ಕೋಣೆಯೂ ಬಿಡಿಸಬೇಕಾದ ಒಂದು ಒಗಟು. ಫೈನಲ್ ಫ್ಯಾಂಟಸಿಯನ್ನು ಮೇಲೆ ಬೈದೆನಲ್ಲ, ಉದ್ದದ ತಕರಾರು ಅಲ್ಲ ಅದು.

ಎರಡು ಕೆಲಸ ಮಾಡು. ಮೊದಲ ಅಧ್ಯಾಯವನ್ನು ಕೊನೆಗೆ ಮಾಡು. ಗೇಮ್ ಪೂರ್ತಿ ಆಗುವವರೆಗೆ ಅದರಲ್ಲಿ ಏನು ಕಲಿಸಬೇಕು ಅಂತ ನಿಮಗೇ ಗೊತ್ತಿರುವುದಿಲ್ಲ. ಇನ್ನೊಂದು, ಹೊಸಬರನ್ನು ಕೂರಿಸಿ ಹಿಂದೆ ನಿಂತು ನೋಡು, ಬಾಯಿ ಮಾತ್ರ ಬಿಡಬೇಡ. 'ಅಲ್ಲಿ ಅಲ್ಲಿ, ಮೇಲೆ' ಅಂತ ನಾಲಿಗೆ ತುದಿಗೆ ಬರುತ್ತದಲ್ಲ, ಆ ಜಾಗ ಬರೆದಿಟ್ಟುಕೋ. ಸರಿ ಮಾಡಬೇಕಾದ್ದು ಅಲ್ಲೇ. ಗೇಮ್ ಮುಗಿದಾಗ ನನಗೂ ಒಂದು ಪ್ರತಿ ಕಳಿಸು.

ಪ್ರಶ್ನೆ: ಒಮ್ಮೆ ಮುಗಿಸಿದ ಗೇಮನ್ನು ಮತ್ತೆ ಶುರು ಮಾಡಿದರೆ ಟ್ಯುಟೋರಿಯಲ್ ಹಾರಿಸಲು ಯಾಕೆ ಬಿಡುವುದಿಲ್ಲ?

ಉತ್ತರ: ಕಥೆಯನ್ನೂ ಪಾಠವನ್ನೂ ಒಂದಕ್ಕೊಂದು ಹೊಲಿದಿರುತ್ತಾರೆ, ಒಂದನ್ನು ಬಿಚ್ಚಿದರೆ ಇನ್ನೊಂದೂ ಬರುತ್ತದೆ. ಪಾಠ ಮುಗಿದ ಜಾಗದಲ್ಲಿ ಒಂದು ಸೇವ್ ಬೇರೆಯಾಗಿ ಇಟ್ಟುಕೊಳ್ಳಿ. ಕೆಲವು ಗೇಮ್‌ಗಳ ಸೆಟ್ಟಿಂಗ್ಸ್‌ನಲ್ಲಿ ಸೂಚನೆಗಳನ್ನಾದರೂ ಆಫ್ ಮಾಡಬಹುದು, ಹುಡುಕಿ ನೋಡಿ.

ಪ್ರಶ್ನೆ: ಡಾರ್ಕ್ ಸೋಲ್ಸ್ ಶುರು ಮಾಡಿದೆ. ಕೈಯಲ್ಲಿ ಮುರಿದ ಕತ್ತಿಯ ಹಿಡಿ. ದೊಡ್ಡ ಬಾಗಿಲು ತೆರೆದೆ, ಮೇಲಿಂದ ಡೊಳ್ಳುಹೊಟ್ಟೆಯ ರಾಕ್ಷಸ ಬಿದ್ದ. ಇಪ್ಪತ್ತು ಸಲ ಸತ್ತೆ. ಇದು ಟ್ಯುಟೋರಿಯಲ್ ಅಂತೆ. ಏನು ಕಲಿಸುತ್ತಿದ್ದಾರೆ ಇವರು?

ಉತ್ತರ: ಓಡುವುದನ್ನು. ನೆಲದ ಮೇಲೆ ಹೊಳೆಯುವ ಬರಹ ಇದೆ, ಓದಲಿಲ್ಲವೇ? ಎಡಗಡೆ ಗೋಡೆಯಲ್ಲಿ ಒಂದು ಚಿಕ್ಕ ಬಾಗಿಲು ತೆರೆದಿದೆ, ನುಗ್ಗಿ. ಒಳಗೆ ಸರಿಯಾದ ಆಯುಧ ಸಿಗುತ್ತದೆ. ಸುತ್ತಿಕೊಂಡು ಅದೇ ರಾಕ್ಷಸನ ತಲೆಯ ಮೇಲಿನ ಕಟ್ಟೆಗೆ ಬರುತ್ತೀರಿ. ಅವನು ಕೆಳಗೇ ನಿಂತಿರುತ್ತಾನೆ. ಹಾರಿ, ಬೀಳುತ್ತಾ ಹೊಡೆಯಿರಿ.